ನನ್ನ ಹಿಂದೆ ಅಕ್ಷತಾ

ಕಳೆದ ತಿಂಗಳು ನಮ್ಮ ಕಾರ್ಖಾನೆಯವರು ಆಫೀಸಿನ ಮಂದಿಯನ್ನೆಲ್ಲ ಒಂದು ದಿನದ ಪ್ರವಾಸಕ್ಕೆ ಕರೆದುಕೊಂಡು ಹೋಗಿದ್ದರು. ಸಂಜೆ ವಾಪಸು ಹೊರಡುವಾಗ ಬಸ್ಸಿನ ಬಾಗಿಲಲ್ಲಿ ನಿಂತ ಹೊಸ ಹುಡುಗನೊಬ್ಬ, ಎಲ್ಲರೂ ಪಕ್ಕದವರು ಬಂದಿದ್ದಾರೋ ಇಲ್ಲವೋ ನೋಡಿಕೊಳ್ಳಿ ಎಂದು ಮರಾಠಿಯಲ್ಲಿ ಕೂಗಿದ. ಎಲ್ಲರೂ ಪಕ್ಕಕ್ಕೊಮ್ಮೆ ನೋಡಿ ಬಂದಿದ್ದಾರೆ ಎಂದರು. ಡ್ರೈವರ್ ಗಾಡಿ ಶುರು ಮಾಡಿದ. ನಾನು ಎದ್ದು ನಿಂತು, ನಾನು ಹೇಳುವ ತನಕ ಗಾಡಿ ಅಲುಗಾಡಕೂಡದು ಎಂದೆ. ಮುಂದಿನ ಸೀಟಿನಿಂದ ಹಿಂದಿನ ಸೀಟಿನವರೆಗೆ ನಡೆದು ಒಬ್ಬೊಬ್ಬರನ್ನೇ ಎಣಿಸಿದೆ. ಎಲ್ಲರೂ ಇದ್ದರು. ಮೇಡಂ ಬಾಲವಾಡಿ ನಡೆಸಬೇಕಿತ್ತು ಎಂದು ಯಾರೋ ಹಿಂದಿನಿಂದ ನಗೆಯಾಡಿದರು. ನಗಲಿ ಬಿಡಿ. ಪಕ್ಕದವರನ್ನಷ್ಟೇ ನೋಡಿಕೊಳ್ಳುವ ಲೆಕ್ಕ ಎಷ್ಟು ಸಲೀಸಾಗಿ ಸರಿಹೋಗುತ್ತದೆ, ಸರಿಹೋಗಿಯೂ ಎಷ್ಟು ತಪ್ಪಿರುತ್ತದೆ ಎಂಬುದು ಅವರಿಗೆ ಗೊತ್ತಿಲ್ಲ. ನನಗೆ ಅದು ಗೊತ್ತಾದದ್ದು ಎಂಜಿನಿಯರಿಂಗಿನ ಎರಡನೇ ವರ್ಷದ ಮಳೆಗಾಲದಲ್ಲಿ.

ಆ ವರ್ಷ ನಾನು ಕಾಲೇಜಿಗೆ ಸೇರಿದ್ದೇ ತಡವಾಗಿ. ಮರಾಠಿ ಸೀಮೆಯ ಭೋಸರಿಯಲ್ಲಿ, ಕಾರ್ಖಾನೆಗಳ ನಡುವೆ ಬೆಳೆದವಳು ನಾನು. ಅಪ್ಪ ಇಂಡಿ ತಾಲೂಕಿನ ಕಡೆಯಿಂದ ಬಂದು ಅಲ್ಲೊಂದು ವರ್ಕ್‌ಶಾಪಿನಲ್ಲಿ ಗುಮಾಸ್ತರಾಗಿದ್ದರು. ಹತ್ತನೆಯದಾದ ಮೇಲೆ ಎಲೆಕ್ಟ್ರಿಕಲ್ ಡಿಪ್ಲೊಮಾ ಮಾಡಿ, ಅಲ್ಲಿಂದ ನೇರವಾಗಿ ಡಿಗ್ರಿಯ ಎರಡನೇ ವರ್ಷಕ್ಕೆ, ಅದೂ ಕಂಪ್ಯೂಟರ್ ವಿಭಾಗಕ್ಕೆ ಬಂದಿದ್ದೆ. ಡಿಪ್ಲೊಮಾದವರ ಪ್ರವೇಶ ಮುಗಿಯುವ ಹೊತ್ತಿಗೆ ಉಳಿದವರ ಪಾಠ ಒಂದು ತಿಂಗಳು ಮುಂದೆ ಹೋಗಿರುತ್ತದೆ. ಮೋಟಾರು ಬಿಚ್ಚಿ ಜೋಡಿಸುವುದು ನನಗೆ ಗೊತ್ತಿತ್ತು, ಪ್ರೋಗ್ರಾಮಿನ ಒಂದು ಸಾಲೂ ಗೊತ್ತಿರಲಿಲ್ಲ. ಮೊದಲ ದಿನ ತೊಯ್ದ ರೇನ್‌ಕೋಟು ಹಿಡಿದುಕೊಂಡು ಒಳಗೆ ಹೋದರೆ ಬೋರ್ಡಿನ ತುಂಬ ಚೌಕಗಳು, ಬಾಣಗಳು, ನಕ್ಷತ್ರದ ಗುರುತುಗಳು. ಎಲ್ಲರೂ ತಲೆಯಾಡಿಸುತ್ತಿದ್ದರು. ನಾನೂ ಆಡಿಸಿದೆ.

ಪಕ್ಕದಲ್ಲಿ ಕೂತಿದ್ದವಳು ಅಕ್ಷತಾ. ಅವಳ ಅಪ್ಪ ಶೆಟ್ಟರು ಕುಂದಾಪುರದ ಕಡೆಯವರು, ಊರೊಳಗೆ ಅವರದೊಂದು ಹೋಟೆಲು. ಫೋನಿನಲ್ಲಿ ನಾನು ಅವ್ವನ ಜೊತೆ ಮಾತಾಡಿದ್ದನ್ನು ಕೇಳಿಸಿಕೊಂಡು, "ಅಯ್ಯೋ ರೇಣುಕಾ, ನೀನು ಕನ್ನಡದವಳಾ? ಮೊದಲೇ ಹೇಳಲಿಕ್ಕೆ ಏನಾಗಿತ್ತು ನಿನಗೆ?" ಎಂದು ತೋಳು ತಿವಿದಳು. ಅವತ್ತಿನಿಂದ ನಾವಿಬ್ಬರೂ ಜೋಡಿ. ನನಗೆ ಬಿಟ್ಟುಹೋದ ಪಾಠವನ್ನೆಲ್ಲ ಅವಳೇ ಕ್ಯಾಂಟೀನಿನಲ್ಲಿ ಕೂರಿಸಿಕೊಂಡು ಹೇಳಿಕೊಟ್ಟಳು. ಲ್ಯಾಬು ಮೂರನೇ ಮಹಡಿಯಲ್ಲಿತ್ತು. ಮೆಟ್ಟಿಲು ಹತ್ತುವಾಗ ಎರಡನೇ ಮಹಡಿಯಲ್ಲಿ ಅವಳು ಒಮ್ಮೆ ನಿಲ್ಲುತ್ತಿದ್ದಳು. ಚೀಲದಿಂದ ಸಣ್ಣ ನೀಲಿ ಪಂಪು ತೆಗೆದು ಬಾಯಿಗಿಟ್ಟು ಒತ್ತಿ, ಉಸಿರು ಹಿಡಿದು, ಆಮೇಲೆ ಏನೂ ಆಗದವಳ ಹಾಗೆ ಹರಟೆ ಮುಂದುವರಿಸುತ್ತಿದ್ದಳು. ಹುಟ್ಟಿದಾಗಿನಿಂದ ಇದ್ದ ಉಬ್ಬಸ, ಮಳೆಗಾಲದಲ್ಲಿ ಹೆಚ್ಚು.

ಪಾಠ ಮಾಡುತ್ತಿದ್ದವರು ದೇಸಾಯಿ ಮೇಡಂ. ವಯಸ್ಸಿನಲ್ಲಿ ನಮಗಿಂತ ಅಷ್ಟೇನೂ ದೊಡ್ಡವರಲ್ಲ. ಅವರ ನೌಕರಿ ವರ್ಷವರ್ಷ ಮುಂದುವರಿಸುವ ಕರಾರಿನದು ಎಂದು ಎಲ್ಲರಿಗೂ ಗೊತ್ತಿತ್ತು. ತರಗತಿಯಲ್ಲಿ ಇಂಗ್ಲಿಷು, ಹೊರಗೆ ಚೊಕ್ಕ ಮರಾಠಿ. ನಗು ಕಡಿಮೆ. ಆದರೆ ಪಾಠಕ್ಕೆ ಬೋರ್ಡು ಸಾಲದಾದಾಗ ನಮ್ಮನ್ನೇ ಎಬ್ಬಿಸಿ ಕಾರಿಡಾರಿನಲ್ಲಿ ನಿಲ್ಲಿಸುತ್ತಿದ್ದರು. ಲಿಂಕ್ಡ್ ಲಿಸ್ಟ್, ಅಂದರೆ ಕೊಂಡಿಗೆ ಕೊಂಡಿ ಸೇರಿಸಿದ ಮಾಹಿತಿಯ ಸಾಲು, ಕಲಿಸಿದ್ದು ಹಾಗೆಯೇ. ಸಾಲಾಗಿ ನಿಲ್ಲಿ, ಪ್ರತಿಯೊಬ್ಬರೂ ನಿಮ್ಮ ಹಿಂದಿನವರ ಕೈ ಹಿಡಿಯಿರಿ ಎಂದರು. ತಾವು ಮೊದಲನೆಯವಳ ಕೈ ಮಾತ್ರ ಹಿಡಿದರು. ಇಷ್ಟೇ ಲಿಸ್ಟ್. ನನಗೆ ಗೊತ್ತಿರುವುದು ಮೊದಲಿನವಳೊಬ್ಬಳೇ, ಅವಳಿಗೆ ಗೊತ್ತಿರುವುದು ತನ್ನ ಹಿಂದಿನವನು, ಅವನಿಗೆ ಅವನ ಹಿಂದಿನವಳು. ಅದರಾಚೆ ಯಾರಿದ್ದಾರೆ ಎಂಬುದು ಯಾರಿಗೂ ಗೊತ್ತಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ ಎಂದರು.

ಆಮೇಲೆ ನಡುವೆ ಒಬ್ಬ ಹೊಸಬನನ್ನು ಸೇರಿಸಲು ಹೇಳಿದರು. ನಮ್ಮ ತೇಜಸ್ ಅವಸರದ ಮನುಷ್ಯ. ಹೊಸಬನಿಗೆ ಜಾಗ ಮಾಡಿಕೊಡಲು ಹಿಂದಿದ್ದವಳ ಕೈಯನ್ನು ಮೊದಲೇ ಬಿಟ್ಟ. ಹಿಂದಿನ ಸಾಲು ಕಾರಿಡಾರಿನ ಕೊನೆಯಲ್ಲಿ ಬೇರೆಯೇ ನಿಂತು ಕಿಲಕಿಲ ನಕ್ಕಿತು. ಮೇಡಂ ನಗಲಿಲ್ಲ.

"ಅವರು ಹೋದರು" ಎಂದರು.

ನಮ್ಮ ತರಗತಿಯ ಜಾಣ ಓಂಕಾರ್, "ಎಲ್ಲಿ ಹೋದರು ಮೇಡಂ? ಇಲ್ಲೇ ಇದ್ದಾರಲ್ಲ" ಎಂದ.

"ನಿನಗೆ ಕಾಣುತ್ತಾರೆ. ಪ್ರೋಗ್ರಾಮಿಗೆ ಕಾಣುವುದಿಲ್ಲ. ಮೊದಲು ಹೊಸ ಕೈ ಹಿಡಿಯಿರಿ, ಆಮೇಲೆ ಹಳೆಯ ಕೈ ಬಿಡಿ. ಈ ಕ್ರಮ ತಪ್ಪಿದರೆ ಯಾರೂ ಸಿಗುವುದಿಲ್ಲ."

ಆ ವಾಕ್ಯವನ್ನು ನಾವು ಆಡಿಕೊಳ್ಳುವುದಕ್ಕೆ ಬಳಸಿದೆವು. ಕ್ಯಾಂಟೀನಿನಲ್ಲಿ ವಡಾಪಾವ್ ಕೈಗೆ ಬರುವ ತನಕ ಟೋಕನ್ ಬಿಡಬೇಡ, ಮೊದಲು ಹೊಸ ಕೈ ಹಿಡಿ ಎಂದು ನಗುತ್ತಿದ್ದೆವು. ಗಣಪತಿ ಹಬ್ಬಕ್ಕೆ ಮೊದಲು ಒಂದು ಕಿರುಪರೀಕ್ಷೆ ಆಯಿತು. ನಾನು ಹೇಗೋ ಗಂಡಾಂತರದಿಂದ ಪಾರಾದೆ. ಅದರ ಖುಷಿಗೆ ಲೋಣಾವಳಾ ದಾಟಿ ಒಂದು ಕೋಟೆ ಹತ್ತಿ ಬರೋಣ ಎಂದು ತರಗತಿಯವರೆಲ್ಲ ಹಟ ಹಿಡಿದರು. ಮೇಡಂ ಜೊತೆಗೆ ಬಂದರೆ ಮಾತ್ರ ಎಂದಿತು ಕಾಲೇಜು. ಮೇಡಂ ಎರಡು ದಿನ ಬೇಡವೆಂದು, ಮೂರನೆಯ ದಿನ ಒಪ್ಪಿದರು.

ಶನಿವಾರ ಹೋದೆವು. ಇಪ್ಪತ್ತು ಚಿಲ್ಲರೆ ಜನ, ಒಂದು ಮಿನಿ ಬಸ್ಸು. ಬುಡದಲ್ಲಿ ಇಳಿದಾಗಲೇ ಮಂಜು ರಸ್ತೆಗೆ ಬಂದಿತ್ತು. ಮೇಡಂ ಹಾಜರಿ ಪಟ್ಟಿ ತೆಗೆದರೆ ಅದು ಕೈಯಲ್ಲೇ ನೆಂದು ಮುದ್ದೆಯಾಯಿತು. ಆಗ ಓಂಕಾರನಿಗೆ ಬುದ್ಧಿ ಹೊಳೆಯಿತು. ಪಟ್ಟಿ ಯಾಕೆ ಮೇಡಂ, ನಾವೇ ಲಿಸ್ಟ್ ಆಗೋಣ, ಪ್ರತಿಯೊಬ್ಬರೂ ತಮ್ಮ ಹಿಂದಿನವರನ್ನು ಮಾತ್ರ ನೋಡಿಕೊಳ್ಳಲಿ, ನೀವು ಮೊದಲಿನವಳನ್ನು ಕೇಳಿದರೆ ಸಾಕು ಎಂದ. ಎಲ್ಲರೂ ಹೋ ಎಂದರು. ಮೇಡಂ ಅವತ್ತು ಮನಸಾರೆ ನಕ್ಕದ್ದು ನನಗೆ ನೆನಪಿದೆ, ತಾವು ಕಲಿಸಿದ್ದು ಹುಡುಗರ ಬಾಯಲ್ಲಿ ಹೀಗೆ ಬಂದರೆ ಯಾರಿಗೆ ಸಂತೋಷವಾಗುವುದಿಲ್ಲ? ಸಾಲಾಯಿತು. ಕೊನೆಯ ಭಾಗದಲ್ಲಿ ಸಾಹಿಲ್, ಅವನ ಹಿಂದೆ ಓಂಕಾರ್, ಅವನ ಹಿಂದೆ ನಾನು. ನನ್ನ ಹಿಂದೆ ಅಕ್ಷತಾ, ಆಮೇಲೆ ತೇಜಸ್, ಎಲ್ಲಕ್ಕಿಂತ ಹಿಂದೆ ಹಾಸ್ಟೆಲಿನ ಇಬ್ಬರು ಹುಡುಗಿಯರು. ನಡುನಡುವೆ ಮುಂದಿನಿಂದ ಕೂಗು ಬರುತ್ತಿತ್ತು. ನನ್ನ ಸರದಿಗೆ ನಾನೂ ಹಿಂದೆ ತಿರುಗಿ ನೋಡಿ, "ನನ್ನ ಹಿಂದೆ ಅಕ್ಷತಾ, ಇದ್ದಾಳೆ" ಎಂದು ಕೂಗುತ್ತಿದ್ದೆ. ಹತ್ತುವಾಗ ಆ ಲೆಕ್ಕ ಒಂದು ಸಲವೂ ತಪ್ಪಲಿಲ್ಲ.

ಮೇಲೆ ಊಟ ಮಾಡುವಾಗ ಓಂಕಾರನ ಚಿಕ್ಕಪ್ಪನ ಮಕ್ಕಳು ಸಿಕ್ಕಿದರು. ಅವರು ಬೈಕಿನಲ್ಲಿ ಬಂದು ಇನ್ನೊಂದು ದಾರಿಯಿಂದ ಹತ್ತಿದ್ದರಂತೆ. ಅವನು ಅವರ ಜೊತೆ ಹೊರಟುಬಿಟ್ಟ. ಹೊರಡುವ ಮುಂಚೆ ತಾನಿದ್ದ ಜಾಗದ ಲೆಕ್ಕ ಸರಿಮಾಡಬೇಕೆಂಬ ಎಚ್ಚರ ಅವನಿಗಿತ್ತು. ಸಾಹಿಲ್‌ನ ಹತ್ತಿರ ಹೋಗಿ, ನಿನ್ನ ಹಿಂದೆ ಇನ್ನು ನಾನಿಲ್ಲ, ನನ್ನನ್ನು ತೆಗೆದುಬಿಡು ಎಂದ. ಸಾಹಿಲ್ ಆಯಿತು ಎಂದ. ಅಷ್ಟೇ. ನನ್ನ ಹಿಂದೆ ರೇಣುಕಾ ಇದ್ದಾಳೆ, ಅವಳನ್ನು ಹಿಡಿದುಕೋ ಎಂದು ಇವನು ಹೇಳಲಿಲ್ಲ. ನಿನ್ನ ಹಿಂದೆ ಯಾರಿದ್ದರು ಎಂದು ಅವನೂ ಕೇಳಲಿಲ್ಲ. ಇದೆಲ್ಲ ನಮಗೆ ತಿಳಿದದ್ದು ಆಮೇಲೆ. ಆಗ ಕೋಟೆಯ ಬಾಗಿಲಲ್ಲಿ ನೂಕುನುಗ್ಗಲು, ಮಂಜು ಇನ್ನೂ ದಟ್ಟವಾಗಿತ್ತು, ಮುಂದೆ ಹೋಗುತ್ತಿದ್ದ ರೇನ್‌ಕೋಟುಗಳಲ್ಲಿ ಓಂಕಾರನದು ಯಾವುದೋ ಒಂದು ಇದ್ದೇ ಇದೆ ಎಂದುಕೊಂಡು ನಾನು ಇಳಿದೆ.

ಅರ್ಧ ಇಳಿಯುವ ಹೊತ್ತಿಗೆ ಹಿಂದೆ ತಿರುಗಿ ನೋಡಿದರೆ ಅಕ್ಷತಾ ಬಂಡೆಗೆ ಕೈಯೂರಿ ನಿಂತಿದ್ದಳು.

"ಒಂದು ನಿಮಿಷ ನಿಲ್ಲು ಮಾರಾಯ್ತಿ."

ನಿಂತೆ. ಹಿಂದಿನವರನ್ನು ಬಿಟ್ಟು ಹೋಗಕೂಡದು, ಅದು ನಿಯಮ. ಓಂಕಾರನೂ ನನಗಾಗಿ ನಿಲ್ಲುತ್ತಾನೆ, ಅವನಿಗಾಗಿ ಸಾಹಿಲ್ ನಿಲ್ಲುತ್ತಾನೆ, ಹೀಗೆ ಸಾಲೆಲ್ಲ ನಿಲ್ಲುತ್ತದೆ ಎಂಬ ಭರವಸೆ. ಒಂದು ನಿಮಿಷ ಹತ್ತು ನಿಮಿಷವಾಯಿತು. ಅಕ್ಷತಾಳ ಎದೆಯಿಂದ ಸಿಳ್ಳೆಯ ಸದ್ದು ಶುರುವಾಯಿತು.

"ಪಂಪು ಎಲ್ಲೆ ಅದ?" ಎಂದೆ.

"ಚೀಲದಲ್ಲಿ."

"ಚೀಲ?"

ಅವಳು ಕಣ್ಣು ಮುಚ್ಚಿದಳು. "ಬಸ್ಸಲ್ಲಿ. ಅಮ್ಮ ಗೋಳಿಬಜೆ, ಬಾಟಲಿ ಅಂತ ತುಂಬಿಸಿಕೊಟ್ಟಿದ್ದರಲ್ಲ, ಭಾರ ಅಂತ ಸೀಟಿನಲ್ಲೇ ಬಿಟ್ಟೆ."

ಫೋನು ತೆಗೆದರೆ ಸಿಗ್ನಲ್ ಇಲ್ಲ. ಓಂಕಾರ್ ಎಂದು ಕೂಗಿದೆ. ತೇಜಸ್ ನನಗಿಂತ ಜೋರಾಗಿ ಕೂಗಿದ. ಮಂಜಿನಿಂದ ಮಳೆಯ ಸದ್ದು ಬಿಟ್ಟರೆ ಏನೂ ಬರಲಿಲ್ಲ. ಕಾಯೋಣ, ಎಣಿಕೆಯ ಕೂಗು ಬಂದೇ ಬರುತ್ತದಲ್ಲ, ನಮ್ಮ ಹೆಸರಿಗೆ ಉತ್ತರ ಸಿಗದಿದ್ದರೆ ತಿರುಗಿ ಬರುತ್ತಾರೆ ಎಂದ ತೇಜಸ್. ನನಗೂ ಹಾಗೇ ಅನ್ನಿಸಿತು. ಬಂಡೆಯ ಮರೆಗೆ ಅಕ್ಷತಾಳನ್ನು ಕೂರಿಸಿ ನಾವು ಸುತ್ತ ನಿಂತೆವು. ಹಾಸ್ಟೆಲಿನ ಹುಡುಗಿಯರಲ್ಲೊಬ್ಬಳು ತನ್ನ ಸ್ವೆಟರು ಬಿಚ್ಚಿ ಅವಳ ಎದೆಗೆ ಸುತ್ತಿದಳು. ಕೂಗು ಬರಲೇ ಇಲ್ಲ. ನಮ್ಮ ಎಣಿಕೆ ಆಗಲೇ ಮುಗಿದುಹೋಗಿದೆ, ಅದರಲ್ಲಿ ನಾವು ಇಲ್ಲವೇ ಇಲ್ಲ ಎಂಬುದು ನಮಗೆ ಹೇಗೆ ಗೊತ್ತಾಗಬೇಕು?

ಅಕ್ಷತಾಳ ತುಟಿಯ ಬಣ್ಣ ನೋಡಿ ನನ್ನ ಧೈರ್ಯ ಉಡುಗಿತು. ಅವಳು ಮಾತಿನ ನಡುವೆ ಉಸಿರು ಎಳೆದುಕೊಳ್ಳುತ್ತ, "ನೀವು ಹೋಗಿ. ಪಂಪು ತಂದರೆ ಸಾಕು. ನಾನು ಇಲ್ಲೇ ಇರ್ತೇನೆ" ಎಂದಳು.

"ಸುಮ್ನ ಕೂಡು. ಮಾತಾಡಬ್ಯಾಡ" ಎಂದು ಗದರಿದೆ. ಗದರಿದ್ದು ಹೆದರಿಕೆಗೆ. ಅವಳನ್ನು ಅಲ್ಲಿ ಬಿಟ್ಟು ಹೋದರೆ ವಾಪಸು ಬರುವಾಗ ಏನು ನೋಡಬೇಕಾದೀತು ಎಂದು ನೆನೆಸಿಕೊಳ್ಳಲೂ ಆಗಲಿಲ್ಲ. ಇನ್ನು ಕಾಯುವುದು ಬೇಡ, ಎಲ್ಲರೂ ಇಳಿಯೋಣ, ನಿಧಾನ ಹೋಗೋಣ ಎಂದೆ.

ಇಳಿದರೆ ಕೆಳಗೆ ಹಳ್ಳ. ಬರುವಾಗ ಪಾದ ಮುಳುಗುವಷ್ಟಿದ್ದ ನೀರು ಈಗ ಮೊಣಕಾಲಿಗೆ ಬಂದಿತ್ತು, ಕೆಂಪಗೆ ಹರಿಯುತ್ತಿತ್ತು. ಈಚೆ ದಡದಲ್ಲಿ ಒಂದು ಗಿಡ, ಆಚೆ ದಡದಲ್ಲಿ ಒಂದು ಬಂಡೆ. ನಾವು ಐದೂ ಜನ ಕೈ ಹಿಡಿದು ಚಾಚಿದರೆ ದಡದಿಂದ ದಡಕ್ಕೆ ತಲುಪುತ್ತಿದ್ದೆವು. ಬೇರೆ ಉಪಾಯ ನನಗೆ ತೋಚಲಿಲ್ಲ. ನಾನು ಮುಂದೆ, ನನ್ನ ಹಿಂದೆ ಅಕ್ಷತಾ, ಆಮೇಲೆ ಹಾಸ್ಟೆಲಿನ ಇಬ್ಬರು, ಗಿಡ ಹಿಡಿದ ತೇಜಸ್ ಎಲ್ಲಕ್ಕಿಂತ ಹಿಂದೆ. ನಾನು ಆಚೆಯ ಬಂಡೆಯನ್ನು ಒಂದು ಕೈಯಲ್ಲಿ ಅಪ್ಪಿಕೊಂಡ ಮೇಲೆ, ಅಕ್ಷತಾಳನ್ನು ಎಳೆದುಕೊಳ್ಳುವಾಗ, ತೇಜಸ್ ತನ್ನ ಸರದಿ ಬಂತೆಂದು ಗಿಡ ಬಿಡಲು ಹೋದ.

"ಬಿಡಬ್ಯಾಡೋ!" ಎಂದು ಕಿರುಚಿದೆ. ಅವನಿಗೆ ಕನ್ನಡ ಬರುವುದಿಲ್ಲ, ನನಗೆ ಆ ಹೊತ್ತಿಗೆ ಮರಾಠಿ ನೆನಪಾಗಲಿಲ್ಲ. ಆದರೂ ಅವನ ಕೈ ಗಿಡದ ಮೇಲೇ ನಿಂತಿತು. ಅದೇ ಕ್ಷಣಕ್ಕೆ ಹಾಸ್ಟೆಲಿನ ಹುಡುಗಿಯೊಬ್ಬಳು ಕಾಲು ಜಾರಿ ಸೊಂಟದ ತನಕ ನೀರಿಗೆ ಹೋದಳು. ಅವಳ ಭಾರ ಅಕ್ಷತಾಳ ತೋಳಿನ ಮೂಲಕ ನನ್ನ ಹೆಗಲಿಗೆ ಬಂತು. ಬಂಡೆಯ ಮೇಲೆ ಉಗುರು ಊರಿದೆ. ತೇಜಸ್ ಗಿಡ ಬಿಟ್ಟಿದ್ದರೆ ನಾವು ಐದೂ ಜನ ಆ ಕೆಂಪು ನೀರಿನ ಜೊತೆ ಹೋಗುತ್ತಿದ್ದೆವು. ಅವಳು ಎದ್ದು ನಿಂತಳು. ಅಕ್ಷತಾ ದಡಕ್ಕೆ ಬಂದಳು, ಆಮೇಲೆ ಉಳಿದವರು ಬಂದರು, ಕೊನೆಗೆ ತೇಜಸ್ ಬಂದ.

ಆಚೆ ದಡದಲ್ಲಿ ಅಕ್ಷತಾ ಕುಸಿದು ಕೂತಳು. ಅವಳಿಗೆ ಇನ್ನು ನಡೆಯಲಾಗುವುದಿಲ್ಲ ಎಂಬುದು ಎಲ್ಲರಿಗೂ ಕಂಡಿತು. ಹೆಗಲುಗಳು ಕಿವಿಯ ತನಕ ಏರಿ ಇಳಿಯುತ್ತಿದ್ದವು. ಸಿಳ್ಳೆ ಕೂಡ ನಿಂತಿತ್ತು, ಅದಕ್ಕೇ ನನಗೆ ಹೆಚ್ಚು ಹೆದರಿಕೆಯಾದದ್ದು. ನಾನು ಅವಳ ಬೆನ್ನು ಸವರುತ್ತ ಅವ್ವಾ, ಯಪ್ಪಾ, ಯಾರ್ಯಾರ ಹೆಸರು ಕರೆದೆನೋ ಗೊತ್ತಿಲ್ಲ.

ಆಗ ಕೆಳಗಿನಿಂದ ನನ್ನ ಹೆಸರು ಕೇಳಿಸಿತು. ಮಂಜಿನೊಳಗಿಂದ ದೇಸಾಯಿ ಮೇಡಂ ಓಡಿಕೊಂಡು ಬಂದರು. ಕೊಡೆ ಇಲ್ಲ, ಒಂದು ಕಾಲಿನಲ್ಲಿ ಚಪ್ಪಲಿ ಇಲ್ಲ. ಕೈಯಲ್ಲಿ ನೀಲಿ ಪಂಪು. ಕೆಸರಿನಲ್ಲೇ ಮಂಡಿಯೂರಿ ಅಕ್ಷತಾಳ ಗದ್ದ ಎತ್ತಿ ಪಂಪು ಒತ್ತಿದರು. ಸ್ವಲ್ಪ ತಡೆದು ಮತ್ತೊಮ್ಮೆ ಒತ್ತಿದರು. ನಾವು ಉಸಿರು ಬಿಗಿಹಿಡಿದು ನೋಡುತ್ತ ನಿಂತೆವು. ಎಷ್ಟೋ ಹೊತ್ತಿನ ಮೇಲೆ ಆ ಸಿಳ್ಳೆ ಮತ್ತೆ ಕೇಳಿಸಿತು. ಅಷ್ಟು ಇಂಪಾದ ಸದ್ದು ನಾನು ಕೇಳಿಲ್ಲ.

ಮೇಡಂ ಎದ್ದು ನಮ್ಮೆಲ್ಲರ ತಲೆಯ ಮೇಲೆ ಒಬ್ಬೊಬ್ಬರದಾಗಿ ಕೈಯಿಟ್ಟರು. "ಒಂದು. ಎರಡು. ಮೂರು. ನಾಕು. ಐದು." ಮತ್ತೆ ಮೊದಲಿನಿಂದ, "ಒಂದು. ಎರಡು." ಆಮೇಲೆ, "ಎಲ್ಲಾರೂ ಅದೀರಿ. ದೇವ್ರೇ, ಎಲ್ಲಾರೂ ಅದೀರಿ" ಎಂದು ಕೆಸರಿನಲ್ಲಿ ಕೂತು ಅತ್ತುಬಿಟ್ಟರು.

ತೇಜಸ್ ಮತ್ತು ಹಾಸ್ಟೆಲಿನ ಹುಡುಗಿಯರು ಅರ್ಥವಾಗದೆ ನೋಡುತ್ತಿದ್ದರು. ಮೇಡಂ ಎಣಿಸಿದ್ದೂ ಅತ್ತದ್ದೂ ಕನ್ನಡದಲ್ಲಿ. ದೇಸಾಯಿ ಎಂಬ ಹೆಸರು ಎರಡೂ ಕಡೆ ಇದೆ, ಇಷ್ಟು ದಿನ ಅವರು ಮರಾಠಿಯವರೆಂದೇ ನಾನು ತಿಳಿದಿದ್ದೆ. ಧಾರವಾಡದವರಂತೆ. ಮಾತಾಡುವ ಪ್ರಸಂಗ ಬಂದಿರಲಿಲ್ಲ, ಅಷ್ಟೇ.

ಬಸ್ಸಿನಲ್ಲಿ ಆದದ್ದು ಇಷ್ಟು. ಮೇಡಂ ಮೊದಲಿನವಳನ್ನು ಕೇಳಿದರು, ಅವಳು ತನ್ನ ಹಿಂದಿನವನಿದ್ದಾನೆ ಎಂದಳು, ಹೀಗೆ ಕೂಗು ಸಾಹಿಲ್‌ನ ತನಕ ಬಂತು. ನನ್ನ ಹಿಂದೆ ಯಾರೂ ಇಲ್ಲ ಎಂದ ಅವನು. ಲಿಸ್ಟ್ ಮುಗಿಯುವುದೇ ಹಾಗೆ. ಬಸ್ಸು ಹೊರಟಿತು. ಎರಡು ತಿರುವು ದಾಟಿದ ಮೇಲೆ ಯಾರೋ ಗೋಳಿಬಜೆಯ ವಾಸನೆ ಹಿಡಿದು, ಈ ಚೀಲ ಯಾರದು ಎಂದು ಕೇಳಿದರು. ಮೇಡಂ ಚೀಲ ತೆರೆದು ಪಂಪು ನೋಡಿದವರೇ ಓಡುವ ಬಸ್ಸನ್ನು ನಿಲ್ಲಿಸಿ ಇಳಿದರು.

ಅಕ್ಷತಾ ಎರಡು ದಿನ ಆಸ್ಪತ್ರೆಯಲ್ಲಿದ್ದಳು. ಮೂರನೆಯ ದಿನ ಶೆಟ್ಟರು ಕಾಲೇಜಿಗೆ ಬಂದರು. ಮಗಳು ಹೇಳಿದ್ದಳೆಂದು ನನ್ನನ್ನೂ ಪಕ್ಕದಲ್ಲಿ ನಿಲ್ಲಿಸಿಕೊಂಡಿದ್ದರು. ಸ್ಟಾಫ್ ರೂಮಿನ ಬಾಗಿಲಲ್ಲಿ ಅವರು ದನಿ ಏರಿಸದೆ ಕೇಳಿದರು.

"ನನ್ನ ಮಗಳನ್ನು ಎಣಿಸಿದ್ದು ಯಾರು ಮೇಡಂ?"

"ಯಾರೂ ಎಣಿಸ್ಲಿಲ್ರಿ" ಎಂದರು ಮೇಡಂ. "ಎಣಿಸೂದು ನನ್ನ ಕೆಲಸ ಇತ್ತು. ಹುಡುಗ್ರಿಗೆ ಏನೂ ಅನಬ್ಯಾಡ್ರಿ."

ಶೆಟ್ಟರು ಬೈಯಲೆಂದೇ ಬಂದವರು. ಆ ಉತ್ತರ ಕೇಳಿ ಬೈಯದೆಯೇ ಹೊರಟುಹೋದರು. ಆದರೆ ಕಾಲೇಜು ಸುಮ್ಮನಿರಲಿಲ್ಲ. ಈ ಅವಧಿ ಮುಗಿದ ಮೇಲೆ ಮೇಡಂ ಇರುವುದಿಲ್ಲ ಎಂಬ ಸುದ್ದಿ ವಾರದೊಳಗೆ ಹಬ್ಬಿತು. ಅದು ನಿಜವೂ ಆಗಿತ್ತು. ನನಗೆ ಕಾಲೇಜಿನ ಮೇಲೆ ಸಿಟ್ಟು ಬಂತು, ಮೇಡಂ ಮೇಲೂ ಬಂತು, ಎರಡೂ ಒಟ್ಟಿಗೆ. ಇವತ್ತಿಗೂ ಅದನ್ನು ಬೇರೆ ಮಾಡಿ ಹೇಳಲು ನನಗೆ ಬರುವುದಿಲ್ಲ.

ಅದಾದ ಮೇಲೆ ಒಂದು ಪಾಠದಲ್ಲಿ ಮೇಡಂ ಬೋರ್ಡಿನ ಮೇಲೆ ನಡುವಿನ ಚೌಕವನ್ನು ಅಳಿಸುವ ಪ್ರೋಗ್ರಾಮು ಬರೆದರು. ಒಂದು ಸಾಲು ಬೇಕೆಂದೇ ಬಿಟ್ಟು, ಇದರಲ್ಲಿ ಕಂಪ್ಯೂಟರ್ ಯಾವ ತಪ್ಪು ತೋರಿಸುತ್ತದೆ ಎಂದು ಓಂಕಾರನನ್ನು ಕೇಳಿದರು. ಅವನ ಮುಖ ಕೆಂಪಾಗಿತ್ತು. ಯಾವ ತಪ್ಪನ್ನೂ ತೋರಿಸುವುದಿಲ್ಲ ಮೇಡಂ ಎಂದ. ಹೌದು, ಮೊದಲಿನಿಂದ ಕೊನೆಯ ತನಕ ಚೆನ್ನಾಗಿ ಓಡುತ್ತದೆ, ಉತ್ತರವನ್ನೂ ಕೊಡುತ್ತದೆ ಎಂದರು ಮೇಡಂ. ಸಾಹಿಲ್ ಕೊನೆಯ ಬೆಂಚಿನಲ್ಲಿ ತಲೆ ತಗ್ಗಿಸಿ ಕೂತಿದ್ದ. ಅವನೇನೂ ಸುಳ್ಳು ಹೇಳಿರಲಿಲ್ಲ. ಆ ಬಸ್ಸಿನಲ್ಲಿ ಯಾರೂ ಒಂದು ಸುಳ್ಳನ್ನೂ ಹೇಳಿರಲಿಲ್ಲ.

ದೀಪಾವಳಿಯಾದ ಮೇಲೆ ಪ್ರಾಯೋಗಿಕ ಪರೀಕ್ಷೆ. ಚೀಟಿ ಎತ್ತಿ, ಬಂದ ಪ್ರೋಗ್ರಾಮು ಬರೆದು ಓಡಿಸಿ, ಆಮೇಲೆ ಮೌಖಿಕ ಪ್ರಶ್ನೆಗಳಿಗೆ ಕೂರಬೇಕು. ಬೇರೆ ಕಾಲೇಜಿನಿಂದ ಬಂದ ಹಿರಿಯ ಪರೀಕ್ಷಕರೊಬ್ಬರು, ಅವರ ಪಕ್ಕದಲ್ಲಿ ದೇಸಾಯಿ ಮೇಡಂ. ನನ್ನ ಪ್ರೋಗ್ರಾಮು ಸರಿಯಾಗಿ ಓಡಿತ್ತು. ಪರೀಕ್ಷಕರು ಅಂಕದ ಹಾಳೆ ನೋಡುತ್ತಲೇ, ಎಲ್ಲರಿಗೂ ಕೇಳುವ ಪ್ರಶ್ನೆಯನ್ನೇ ನನಗೂ ಕೇಳಿದರು.

"ಲಿಸ್ಟಿನ ನಡುವೆ ಒಂದನ್ನು ತೆಗೆಯುವಾಗ ಅದರ ಹಿಂದಿನದರ ವಿಳಾಸ ಇಟ್ಟುಕೊಳ್ಳದಿದ್ದರೆ ಉಳಿದವು ಏನಾಗುತ್ತವೆ?"

ಅದಕ್ಕೆ ಪುಸ್ತಕದಲ್ಲಿ ಎರಡು ಪದದ ಉತ್ತರವಿದೆ. ಮೆಮೊರಿ ಲೀಕ್, ಅಂದರೆ ಯಾರಿಗೂ ಸಿಗದೆ ಪೋಲಾದ ಜಾಗ. ನಾಲಗೆಯ ತುದಿಯಲ್ಲೇ ಇತ್ತು, ಹೊರಗೆ ಬರಲಿಲ್ಲ.

"ಏನೂ ಆಗುವುದಿಲ್ಲ ಸರ್. ಅಲ್ಲೇ ಇರುತ್ತವೆ" ಎಂದೆ.

ಅವರು ತಲೆಯೆತ್ತಿದರು. "ಹಾಗಾದರೆ ತೊಂದರೆ ಏನು?"

"ಇವೆ ಅಂತ ಯಾರಿಗೂ ಗೊತ್ತಿರುವುದಿಲ್ಲ ಸರ್. ಒಂದರ ಕೈ ಒಂದು ಸರಿಯಾಗಿಯೇ ಹಿಡಿದುಕೊಂಡಿರುತ್ತವೆ. ಯಾರಾದರೂ ಕರೆಯುತ್ತಾರೆ ಅಂತ ಕಾಯುತ್ತಿರುತ್ತವೆ."

"ಕಾಯುತ್ತವೆಯೇ?" ಪರೀಕ್ಷಕರು ನಕ್ಕರು. ಒಳ್ಳೆಯ ಮನುಷ್ಯ, ಉತ್ತರ ಅವರಿಗೆ ಹಿಡಿಸಿತ್ತು. "ಎಷ್ಟು ಹೊತ್ತು ಕಾಯುತ್ತವೆ?"

ಪ್ರೋಗ್ರಾಮು ಮುಗಿಯುವ ತನಕ. ಅದೂ ಪುಸ್ತಕದಲ್ಲಿದೆ, ಅದೂ ನನಗೆ ಗೊತ್ತಿತ್ತು. ಹೇಳಲು ಹೋದರೆ ಕಣ್ಣು ತುಂಬಿತು. ಮೇಡಂ ಅಷ್ಟು ಹೊತ್ತು ಮೇಜನ್ನೇ ನೋಡುತ್ತಿದ್ದರು. ಈಗ ನನ್ನ ಕಡೆ ತಿರುಗಿ, ಹೊರಗಿನವರೊಬ್ಬರು ಪಕ್ಕದಲ್ಲಿ ಕೂತಿದ್ದಾರೆಂಬುದನ್ನೂ ಲೆಕ್ಕಿಸದೆ ಕನ್ನಡದಲ್ಲಿ ಹೇಳಿದರು.

"ಸಾಕು ರೇಣುಕಾ. ಹೋಗವಾ, ಹೊರಗ ಅಕ್ಷತಾ ಕಾಯ್ಲಿಕ್ಕತ್ತಾಳ."